ಅಲಾಸ್, ಫೈ, ಝೌಂಡ್ಸ್: ಹಳೇ ಇಂಗ್ಲಿಷಿನ ಉದ್ಗಾರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ನಾಟಕಗಳನ್ನು ಕನ್ನಡಕ್ಕೆ ತರುವ ಹುಚ್ಚು ಹತ್ತಿಸಿಕೊಂಡು ಬಹಳ ವರ್ಷಗಳಾದವು. ಇಷ್ಟು ದಿನದಲ್ಲಿ ನನ್ನ ತಲೆ ತಿಂದದ್ದು ಪುಟಗಟ್ಟಲೆ ಓಡುವ ಸ್ವಗತಗಳಲ್ಲ. ಎರಡಕ್ಷರ, ಮೂರಕ್ಷರದ ಕೂಗುಗಳು. ನಾಟಕ ಆಡಿಸುವವರು, ಮಕ್ಕಳಿಗೆ ಪಾಠ ಹೇಳುವವರು, ಸುಮ್ನೆ ಕುತೂಹಲಕ್ಕೆ ಓದುವವರು ಇವುಗಳ ಬಗ್ಗೆಯೇ ಮತ್ತೆ ಮತ್ತೆ ಕೇಳುತ್ತಾರೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಒಂದೆಡೆ ಹಾಕಿದ್ದೇನೆ.

ಉದ್ಗಾರ ಅಂದ್ರೆ ಸರಿಯಾಗಿ ಏನು?

ಹೈಸ್ಕೂಲಿನ ವ್ಯಾಕರಣದಲ್ಲಿ ಭಾವಸೂಚಕಾವ್ಯಯ ಅಂತ ಓದಿರುತ್ತೀರಿ. ಅಯ್ಯೋ, ಅಬ್ಬಾ, ಛೀ, ಭಲೇ. ಇಂಗ್ಲಿಷಿನಲ್ಲಿ ಇದಕ್ಕೆ ಇಂಟರ್ಜೆಕ್ಷನ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ 'ನಡುವೆ ಎಸೆದದ್ದು' ಎಂದು ಅರ್ಥ. ವಾಕ್ಯದ ಉಳಿದ ಪದಗಳ ಜೊತೆ ಇವಕ್ಕೆ ನಂಟಿಲ್ಲ. ಕಿತ್ತು ಹಾಕಿದರೂ ವಾಕ್ಯ ನಿಲ್ಲುತ್ತದೆ, ಆದರೆ ಮಾತಾಡುವವನ ಮುಖ ಕಾಣದಂತಾಗುತ್ತದೆ.

ಅದಕ್ಕೇ 'ಇದರ ಅರ್ಥ ಏನು' ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ಯಾರು ಹೇಳಿದ್ದು, ಯಾರಿಗೆ, ಯಾವ ಹೊತ್ತಿನಲ್ಲಿ? 'ಅಯ್ಯೋ'ಗೆ ಏನರ್ಥ ಅಂತ ನಾವು ಯಾರನ್ನಾದರೂ ಕೇಳುತ್ತೇವಾ? ಹಾಲು ಉಕ್ಕಿದರೂ ಅಯ್ಯೋ, ಸಾವಿನ ಮನೆಯಲ್ಲೂ ಅಯ್ಯೋ, 'ಅಯ್ಯೋ ಬಿಡಿ ಸಾರ್' ಅನ್ನುವಾಗಲೂ ಅದೇ ಅಯ್ಯೋ.

'ಹಳೇ ಇಂಗ್ಲಿಷ್' ಅಂದ್ರೆ ಎಷ್ಟು ಹಳೇದು?

ಇಲ್ಲಿ ಒಂದು ಗೊಂದಲ ಇದೆ. ವಿದ್ವಾಂಸರು ಓಲ್ಡ್ ಇಂಗ್ಲಿಷ್ ಅನ್ನುವುದು ಸುಮಾರು 1100ಕ್ಕಿಂತ ಹಿಂದಿನ ಭಾಷೆಯನ್ನು. ನಾವು 'ಹಳೇ ಇಂಗ್ಲಿಷ್' ಅಂದಾಗ ಸಾಮಾನ್ಯವಾಗಿ ಮನಸ್ಸಿನಲ್ಲಿರುವುದು ಶೇಕ್ಸ್‌ಪಿಯರ್ ಕಾಲದ್ದು. ಆತ ಬದುಕಿದ್ದು 1564ರಿಂದ 1616. ನಡುವೆ ಐದು ಶತಮಾನಗಳೇ ಇವೆ.

ನಿಜವಾದ ಓಲ್ಡ್ ಇಂಗ್ಲಿಷಿನವರು ದುಃಖಕ್ಕೆ 'ವಾ ಲಾ ವಾ' ಅನ್ನುತ್ತಿದ್ದರು. ಮುಂದೆ ಅದೇ 'ವೆಲ್‌ಅವೇ' ಆಯಿತು. ಸುಮಾರು 1000ದ ಹೊತ್ತಿಗೆ ಆಲ್ಫ್ರಿಕ್ ಎಂಬ ಸನ್ಯಾಸಿ ಹುಡುಗರಿಗೆ ಲ್ಯಾಟಿನ್ ಕಲಿಸಲು ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದ. ಅದರಲ್ಲಿ ಉದ್ಗಾರಗಳ ಪಾಠವೂ ಇದೆ. 'ಹಹ, ಹೆಹೆ' ಎಂಬವು ಲ್ಯಾಟಿನ್ನಿನಲ್ಲೂ ಇಂಗ್ಲಿಷಿನಲ್ಲೂ ನಗುವನ್ನು ತೋರಿಸುತ್ತವೆ ಅಂತ ಆತ ಹೇಳುತ್ತಾನೆ. ವಾಟ್ಸಾಪಿನಲ್ಲಿ ನಾವು ಒತ್ತುವ 'ಹಹಹ'ಕ್ಕೆ ಸಾವಿರ ವರ್ಷದ ವ್ಯಾಕರಣದ ಮುದ್ರೆ ಇದೆ, ನೋಡಿ.

ಆ ಕಾಲದ ಅತಿ ಪ್ರಸಿದ್ಧ ಉದ್ಗಾರ ಬೇವುಲ್ಫ್ ಕಾವ್ಯದ ಮೊದಲ ಪದ, 'ಹ್ವಾಟ್'. ಇದನ್ನು ಬಹುಕಾಲ 'ಕೇಳಿರಿ!', 'ಇಗೋ!' ಎಂಬ ಕೂಗು ಅಂತಲೇ ಓದುತ್ತಿದ್ದರು. 1999ರಲ್ಲಿ ಐರಿಷ್ ಕವಿ ಸೀಮಸ್ ಹೀನಿ ಅದನ್ನು ಬರೀ 'ಸೋ' ಅಂತ ಮಾಡಿದ. ಊರ ಕಟ್ಟೆಯಲ್ಲಿ ಕೂತು 'ಹೂಂ, ಆಮೇಲೆ…' ಅಂತ ಕಥೆ ಎತ್ತಿಕೊಳ್ಳುವ ಹಾಗೆ. 2013ರಲ್ಲಿ ಜಾರ್ಜ್ ವಾಕ್ಡನ್ ಎಂಬ ಭಾಷಾವಿಜ್ಞಾನಿ ಅದು ಉದ್ಗಾರವೇ ಅಲ್ಲ, ಇಡೀ ವಾಕ್ಯಕ್ಕೆ 'ಎಂಥಾ' ಎಂಬ ಅರ್ಥ ಕೊಡುವ ಪದ ಅಂತ ವಾದ ಮಂಡಿಸಿದರು. ಒಂದು ಅಕ್ಷರದ ಜಗಳ ಇನ್ನೂ ಮುಗಿದಿಲ್ಲ.

'ಅಲಾಸ್' ಅಂದ್ರೆ 'ಅಯ್ಯೋ' ತಾನೇ?

ಹೌದು, ಆದರೆ ಅದು ಬಂದ ದಾರಿ ಚೆನ್ನಾಗಿದೆ. ಇದು ಹಳೇ ಫ್ರೆಂಚಿನಿಂದ ಬಂದ ಪದ. ಅಲ್ಲಿ 'ಲಾಸ್' ಅಂದರೆ ದಣಿದವನು. ಅದರ ಬೇರು ಲ್ಯಾಟಿನ್ನಿನ 'ಲಾಸುಸ್'. ಅಂದರೆ ಇದು ಮೊದಲು ನಮ್ಮ 'ಉಸ್ಸಪ್ಪಾ'ಕ್ಕೆ ಹತ್ತಿರವಿದ್ದು, ಬೆಳೆಯುತ್ತಾ 'ಅಯ್ಯೋ' ಆದದ್ದು.

ಹ್ಯಾಮ್ಲೆಟ್ ಕೈಯಲ್ಲಿ ತಲೆಬುರುಡೆ ಹಿಡಿದು ಹೇಳುವ 'ಅಲಾಸ್, ಪೂರ್ ಯಾರಿಕ್!' ಗೊತ್ತಿರಬೇಕು. ಅದಕ್ಕೆ ಕನ್ನಡ ಮೊದಲೇ ಸಿದ್ಧವಾಗಿ ಕೂತಿದೆ: 'ಅಯ್ಯೋ ಪಾಪ, ಯಾರಿಕ್!' ಅಲಾಸ್‌ಗೆ ಅಯ್ಯೋ, ಪೂರ್‌ಗೆ ಪಾಪ. ಇಷ್ಟು ಸಲೀಸಾಗಿ ಕೂರುವ ಸಾಲು ಅಪರೂಪ. ಅಂದಹಾಗೆ, ಮುಂದಿನ ಮಾತು 'ಐ ನ್ಯೂ ಹಿಮ್, ಹೊರೇಷಿಯೋ'. ಎಲ್ಲರೂ 'ಐ ನ್ಯೂ ಹಿಮ್ ವೆಲ್' ಅನ್ನುತ್ತಾರೆ. ಆ 'ವೆಲ್' ನಾಟಕದಲ್ಲಿಲ್ಲ.

ಅಲಾಸ್‌ನ ಒಡಹುಟ್ಟಿದ್ದು 'ಅಲ್ಯಾಕ್'. ಅದು ಉದ್ದವಾಗಿ 'ಅಲ್ಯಾಕ್-ಎ-ಡೇ' ಆಯಿತು, ತಲೆ ಬೋಳಿಸಿಕೊಂಡು 'ಲ್ಯಾಕ್-ಎ-ಡೇ' ಆಯಿತು. ಸದಾ ಹಾಗೆ ನಿಟ್ಟುಸಿರು ಬಿಡುತ್ತಾ ಕೂರುವವನನ್ನು ಬಣ್ಣಿಸಲು 'ಲ್ಯಾಕಡೈಸಿಕಲ್' ಹುಟ್ಟಿತು. ಆಫೀಸಿನ ಮೆಮೋದಲ್ಲಿ 'ನಿಮ್ಮ ಲ್ಯಾಕಡೈಸಿಕಲ್ ಧೋರಣೆ' ಅಂತ ಬೈಸಿಕೊಂಡವರು ತಿಳಿದುಕೊಳ್ಳಿ, ಸಾಹೇಬರು ನಿಮ್ಮನ್ನು 'ಅಯ್ಯೋ ರಾಮಾ ಗಿರಾಕಿ' ಅಂದಿದ್ದಾರೆ.

'ಫೈ'ಗೆ 'ಥೂ' ಅನ್ನಬಹುದಾ?

ಕೆಲವು ಕಡೆ ಅನ್ನಬಹುದು. ಎಲ್ಲಾ ಕಡೆ ಅಂದರೆ ಕೆಡುತ್ತದೆ.

ವೆನಿಸಿನ ವ್ಯಾಪಾರಿ ನಾಟಕದ ಮೊದಲ ದೃಶ್ಯ ನೋಡಿ. ಆಂಟೋನಿಯೋ ಮಂಕಾಗಿ ಕೂತಿದ್ದಾನೆ. ಕಾರಣ ಹುಡುಕಿ ಸುಸ್ತಾದ ಗೆಳೆಯ ಕೊನೆಗೆ 'ಹಾಗಾದ್ರೆ ನೀನು ಯಾರನ್ನೋ ಪ್ರೀತಿಸ್ತಿದ್ದೀಯ' ಅನ್ನುತ್ತಾನೆ. ಆಂಟೋನಿಯೋ ಹೇಳುವುದು ಎರಡೇ ಪದ: 'ಫೈ, ಫೈ!' ಇಲ್ಲಿ 'ಥೂ ಥೂ' ಅಂದರೆ ಗೆಳೆಯನ ಮುಖಕ್ಕೆ ಉಗಿದ ಹಾಗಾಗುತ್ತದೆ. 'ಛೇ ಛೇ!' ಅನ್ನಿ, ಆ ಸಂಕೋಚ, ಆ ತಳ್ಳಿಹಾಕುವಿಕೆ ಎರಡೂ ಬರುತ್ತವೆ. ಅದೇ ಲಿಯರ್ ದೊರೆ ರೊಚ್ಚಿಗೆದ್ದು 'ಫೈ, ಫೈ, ಫೈ' ಅನ್ನುವಾಗ 'ಛೇ' ಸಾಲುವುದಿಲ್ಲ. ಅಲ್ಲಿ ಥೂ ಬೇಕೇ ಬೇಕು. ನಮ್ಮಲ್ಲಿ ಛೇ, ಛೀ, ಥೂ, ಥೂಥೂ ಅಂತ ಮೆಟ್ಟಿಲುಗಳಿವೆ. ಇಂಗ್ಲಿಷಿನವರು ಒಂದೇ ಫೈ ಇಟ್ಟುಕೊಂಡು ದನಿಯಲ್ಲಿ ಹತ್ತಿ ಇಳಿಯುತ್ತಿದ್ದರು.

'ಝೌಂಡ್ಸ್', 'ಗ್ಯಾಡ್‌ಝೂಕ್ಸ್', 'ಸ್‌ಬ್ಲಡ್': ಇವು ಯಾವ ಭಾಷೆ?

ಇಂಗ್ಲಿಷೇ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಂಗ್ಲಿಷ್.

ಝೌಂಡ್ಸ್ ಅಂದರೆ 'ಗಾಡ್ಸ್ ವೂಂಡ್ಸ್', ದೇವರ ಗಾಯಗಳು. ಶಿಲುಬೆಯ ಮೇಲೆ ಏಸುವಿಗಾದ ಗಾಯಗಳ ಮೇಲೆ ಆಣೆ ಅಂತ. 'ಗಾಡ್ಸ್'ನಲ್ಲಿ ದೇವರನ್ನು ಬಿಟ್ಟು ಬಾಲದ 'ಸ್' ಮಾತ್ರ ಉಳಿಸಿಕೊಂಡಿದ್ದಾರೆ. ಸ್‌ಬ್ಲಡ್ ಅಂದರೆ ದೇವರ ರಕ್ತ. ಗ್ಯಾಡ್‌ಝೂಕ್ಸನ್ನು 'ಗಾಡ್ಸ್ ಹುಕ್ಸ್' ಅಂತ ಬಿಡಿಸುತ್ತಾರೆ, ಶಿಲುಬೆಗೆ ಹೊಡೆದ ಮೊಳೆಗಳು. 'ಆಡ್ಸ್ ಬಾಡಿಕಿನ್ಸ್' ಅಂದರೆ ದೇವರ ಪುಟ್ಟ ಮೈ.

ಯಾಕಿಷ್ಟು ಕಸರತ್ತು? ಇಲ್ಲೇ ನಮಗೆ ತೊಡಕಾಗುವುದು. ಎಡವಿ ಬಿದ್ದರೆ 'ಅಯ್ಯೋ ರಾಮಾ'. ಕೆಟ್ಟ ಸುದ್ದಿ ಕೇಳಿದರೆ 'ಶಿವ ಶಿವಾ'. ನಮ್ಮಜ್ಜಿ ಕೂರುವಾಗ ಒಂದು ಸಲ, ಏಳುವಾಗ ಒಂದು ಸಲ 'ಕೃಷ್ಣಾ' ಅನ್ನುತ್ತಿದ್ದರು. ನಮ್ಮಲ್ಲಿ ಬಾಯ್ತಪ್ಪಿ ದೇವರ ಹೆಸರು ಬಂದರೂ ಪುಣ್ಯದ ಲೆಕ್ಕಕ್ಕೇ ಜಮೆ. ಅವರಲ್ಲಿ ಅದು ಪಾಪ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಅಂತ ಹತ್ತು ಆಜ್ಞೆಗಳಲ್ಲೇ ಇದೆ. ಆದರೆ ಕಾಲ್ಬೆರಳಿಗೆ ಕಲ್ಲು ಬಡಿದಾಗ ಬಾಯಿ ಕೇಳಬೇಕಲ್ಲ! ಹಾಗಾಗಿ ಹೆಸರನ್ನೇ ತಿರುಚಿ, ಮುರಿದು, ಅರ್ಧ ನುಂಗಿ ಹೇಳುವ ಚಾಳಿ ಬಂತು. ಇದೊಂದು ಹಿಡಿದರೆ ಹಳೇ ಇಂಗ್ಲಿಷಿನ ಅರ್ಧ ಉದ್ಗಾರಗಳ ಬೀಗ ತೆರೆಯುತ್ತದೆ.

ನಾಟಕದಲ್ಲಿ ಹೀಗೆ ಆಣೆ ಇಟ್ಟರೆ ದಂಡ ಹಾಕುತ್ತಿದ್ದರಂತೆ, ನಿಜವಾ?

ನಿಜ. ಒಂದನೇ ಜೇಮ್ಸ್ ದೊರೆಯ ಕಾಲದಲ್ಲಿ, 1606ರಲ್ಲಿ, ನಟರಿಗೆಂದೇ ಒಂದು ಕಾನೂನು ಬಂತು. ವೇದಿಕೆ ಮೇಲೆ ದೇವರ, ಕ್ರಿಸ್ತನ, ಪವಿತ್ರಾತ್ಮನ ಹೆಸರನ್ನು ತಮಾಷೆಗೋ ಅಗೌರವವಾಗಿಯೋ ಎತ್ತಿದರೆ ಒಂದೊಂದು ಸಲಕ್ಕೂ 10 ಪೌಂಡ್ ದಂಡ. ಒಂದು ಇಡೀ ಹೊಸ ನಾಟಕ ಬರೆದುಕೊಟ್ಟವನಿಗೆ ಆಗ ಸಿಗುತ್ತಿದ್ದದ್ದು ಸುಮಾರು 6 ಪೌಂಡ್. ಒಂದು ಬಾಯ್ತಪ್ಪಿಗೆ ಒಂದೂವರೆ ನಾಟಕ ಹೋಯಿತು! ಇನ್ನೂ ಮಜಾ ಅಂದರೆ ದಂಡದಲ್ಲಿ ಅರ್ಧ ದೊರೆಗೆ, ಉಳಿದರ್ಧ ದೂರು ಹೂಡಿದವನಿಗೆ. ಆಟ ನೋಡಲು ಬಂದವರಲ್ಲಿ ಕಿವಿ ಚುರುಕಾದವನಿಗೆ ಒಳ್ಳೇ ಸಂಪಾದನೆ.

ಇದರ ಗುರುತು ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ಒಥೆಲೋ ನಾಟಕದ ಎರಡು ಹಳೇ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಮೊದಲ ಪುಟ ನೋಡಿ. 1622ರದ್ದರಲ್ಲಿ ನಾಟಕದ ಖಳ ಇಯಾಗೋ ಬಾಯಿ ತೆರೆಯುವುದೇ 'ಸ್‌ಬ್ಲಡ್' ಅಂತ. ಮರುವರ್ಷ, 1623ರಲ್ಲಿ ಬಂದ ಶೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟದಲ್ಲಿ ಆ ಪದ ಇಲ್ಲ. ಅದೇ ಮಾತು, ಅದೇ ಇಯಾಗೋ, ಬೈಗುಳ ಮಾತ್ರ ಮಾಯ. ನನ್ನ ಮಟ್ಟಿಗೆ ಇದು ನಾಟಕಕ್ಕೆ ಆದ ನಷ್ಟವೇ. ಮೊದಲ ಉಸಿರಿಗೇ ದೇವರ ರಕ್ತದ ಮೇಲೆ ಆಣೆ ಇಡುವವನು ಎಂಥಾ ಮನುಷ್ಯ ಅಂತ ನೋಡುವವರಿಗೆ ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು.

'ಗಾಶ್', 'ಗಾಲಿ', 'ಜೀ', 'ಕ್ರೈಕಿ' ಕೂಡಾ ಇದೇ ಗುಂಪಾ?

ಅದೇ ಗುಂಪು, ಕಿರಿಯ ತಲೆಮಾರು. ಗಾಶ್, ಗಾಲಿ ಎರಡೂ 'ಗಾಡ್'. ಜೀ ಅಂದರೆ 'ಜೀಸಸ್'. ಕ್ರೈಕಿ ಅಂದರೆ 'ಕ್ರೈಸ್ಟ್'. 'ಬ್ಲೈಮಿ' ಅಂದರೆ 'ಗಾಡ್ ಬ್ಲೈಂಡ್ ಮಿ', ದೇವರು ನನ್ನ ಕಣ್ಣು ಕೀಳಲಿ. 'ಡಾರ್ನ್' ಅಂದರೆ 'ಡ್ಯಾಮ್', 'ಹೆಕ್' ಅಂದರೆ 'ಹೆಲ್'. 'ಬೈ ಜೋವ್' ಅನ್ನುವವರು ಇನ್ನೂ ಜಾಣರು. ತಮ್ಮ ದೇವರ ತಂಟೆಯೇ ಬೇಡ ಅಂತ ರೋಮನ್ನರ ಜುಪಿಟರನ ಮೇಲೆ ಆಣೆ ಹಾಕುತ್ತಾರೆ.

'ವಾಟ್ ದ ಡಿಕನ್ಸ್' ಬಂದದ್ದು ಕಾದಂಬರಿಕಾರ ಡಿಕನ್ಸ್‌ನಿಂದಲೇ?

ಅಲ್ಲ. ಚಾರ್ಲ್ಸ್ ಡಿಕನ್ಸ್ ಹುಟ್ಟಿದ್ದು 1812ರಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಶೇಕ್ಸ್‌ಪಿಯರನ ವಿಂಡ್ಸರ್ ಹೆಂಗಸರ ನಾಟಕದಲ್ಲಿ ಈ ಮಾತಿದೆ. ಇಲ್ಲಿ ಡಿಕನ್ಸ್ ಅಂದರೆ ಸೈತಾನ. ಕಾದಂಬರಿಕಾರನ ಪಾಲಿಗೆ ಬಂದದ್ದು 'ಬಾ! ಹಂಬಗ್!' 1843ರ ಕ್ರಿಸ್‌ಮಸ್ ಕಥೆಯಲ್ಲಿ ಜಿಪುಣ ಸ್ಕ್ರೂಜ್ ಅನ್ನುವುದು ಅದನ್ನೇ. ಹಂಬಗ್ ಅಂದರೆ ಬೂಟಾಟಿಕೆ. 'ಥೂ, ಎಲ್ಲಾ ನಾಟಕ!' ಅಂದರೆ ಸರಿಹೋಗುತ್ತದೆ.

ಗೊತ್ತಿರುವ ಪದವೇ ಉದ್ಗಾರವಾಗಿ ಬಂದು ಮೋಸ ಮಾಡುತ್ತದಲ್ಲ, ಅಂಥವು ಯಾವುವು?

ಇದೇ ನನಗೆ ಪ್ರಿಯವಾದ ಪ್ರಶ್ನೆ, ಯಾಕೆಂದರೆ ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ.

ಕಾಲೇಜಿನಲ್ಲಿದ್ದಾಗ ರೋಮಿಯೋ ಜೂಲಿಯೆಟ್ಟಿನ ಒಂದು ದೃಶ್ಯ ಆಡಿಸಲು ಹೊರಟೆವು. ಅನುವಾದ ನನ್ನದು. ಜೂಲಿಯೆಟ್ಟಿನ ದಾದಿ 'ನಿನ್ನ ಮದುವೆ ಒಂದು ನೋಡಿಬಿಟ್ಟರೆ ಸಾಕು' ಅನ್ನುತ್ತಾಳೆ. ಆಗ ತಾಯಿ, 'ಮ್ಯಾರಿ, ದಟ್ ಮ್ಯಾರಿ ಈಸ್ ದ ವೆರಿ ಥೀಮ್ ಐ ಕೇಮ್ ಟು ಟಾಕ್ ಆಫ್' ಅನ್ನುತ್ತಾಳೆ. ನಾನು ಗಂಭೀರವಾಗಿ ಬರೆದೆ: 'ಮದುವೆಯಾಗು! ಆ ಮದುವೆಯ ವಿಷಯವನ್ನೇ ಮಾತನಾಡಲು ಬಂದೆ.' ತಾಯಿಯ ಪಾತ್ರದ ಹುಡುಗಿ ಎರಡು ಸಲ ಓದಿದಳು. ಹಾಳೆ ಕೆಳಗಿಟ್ಟಳು. 'ಅಲ್ಲ ಕಣೋ, ಇವಳು ಮದುವೆಯಾಗು ಅಂತಿರೋದು ಯಾರಿಗೆ? ಮಗಳಿಗಾ, ದಾದಿಗಾ?' ಅಂದಳು. ಇಡೀ ತಂಡ ನಕ್ಕಿತು.

ಮೊದಲನೇ 'ಮ್ಯಾರಿ'ಗೂ ಮದುವೆಗೂ ಸಂಬಂಧವೇ ಇಲ್ಲ. ಅದು ಕನ್ಯೆ ಮೇರಿಯ ಹೆಸರು, ಸವೆದು ಸವೆದು 'ಹೌದಲ್ಲಾ', 'ನೋಡು ಮತ್ತೆ' ಎಂಬಷ್ಟಕ್ಕೆ ಇಳಿದದ್ದು. ಎರಡನೇದು ಮಾತ್ರ ಮದುವೆ. ಎರಡರ ಶ್ಲೇಷೆಯೇ ಆ ಸಾಲಿನ ಸೊಗಸು. ಆ ಹುಡುಗಿ ಮಲೆನಾಡಿನವಳು, ಪರಿಹಾರವನ್ನೂ ಅವಳೇ ಕೊಟ್ಟಳು: 'ಮಾರಾಯ್ತಿ, ಆ ಮದ್ವೆ ಮಾತಿಗೇ ನಾನು ಬಂದದ್ದು.' ಶ್ಲೇಷೆ ಹೋಯಿತು, ಆದರೆ 'ಮ'ಕಾರ ಉಳಿಯಿತು. ಅದಕ್ಕಿಂತ ಒಳ್ಳೇದು ನನಗೆ ಇವತ್ತಿಗೂ ಹೊಳೆದಿಲ್ಲ.

ಇನ್ನೂ ಕೆಲವು ಹೇಳುತ್ತೇನೆ. ವಾಕ್ಯದ ಮೊದಲಿಗೆ ಬಂದು ಅಲ್ಪವಿರಾಮ ಹಾಕಿಸಿಕೊಂಡ 'ವೈ' ಯಾವಾಗಲೂ 'ಯಾಕೆ' ಅಲ್ಲ. ಮೇಲೆ ಆಂಟೋನಿಯೋನ ಗೆಳೆಯ ಹೇಳುವುದು 'ವೈ, ದೆನ್ ಯು ಆರ್ ಇನ್ ಲವ್' ಅಂತಲೇ. ಅದು 'ಹಾಗಾದ್ರೆ', 'ಅಲ್ಲಾ ಮತ್ತೆ'. 'ಗೋ ಟು' ಅಂದರೆ ಎಲ್ಲಿಗೂ ಹೋಗುವುದಲ್ಲ, 'ಹೋಗೋ ಸಾಕು!' ಅಂತ ಗದರುವುದು. 'ಸಾಫ್ಟ್' ಅಂದರೆ ಮೆತ್ತಗೆ ಅಲ್ಲ, 'ತಡಿ, ನಿಲ್ಲು'. ರೋಮಿಯೋ ಕಿಟಕಿಯ ಬೆಳಕು ನೋಡಿ 'ಬಟ್ ಸಾಫ್ಟ್!' ಅನ್ನುವುದು ಹಾಗೆ. 'ದೇರ್, ದೇರ್' ಅಂದರೆ 'ಆಯ್ತು ಆಯ್ತು, ಅಳಬೇಡ'. ಇದನ್ನು 'ಅಲ್ಲಿ, ಅಲ್ಲಿ' ಅಂತ ಮಾಡಿದ ಸಬ್‌ಟೈಟಲ್ ನೋಡಿದ್ದೇನೆ. ತಾಯಿ ಮಗುವಿನ ಬೆನ್ನು ಸವರುತ್ತಾ ದಾರಿ ತೋರಿಸುತ್ತಿದ್ದಳು.

'ಹಾರ್ಕ್', 'ಲೋ', 'ಬಿಹೋಲ್ಡ್' ನಡುವೆ ವ್ಯತ್ಯಾಸ?

ಹಾರ್ಕ್ ಕಿವಿಗೆ, ಉಳಿದೆರಡು ಕಣ್ಣಿಗೆ. 'ಕೇಳು!', 'ಇಗೋ!', 'ನೋಡು!' ಇಂಗ್ಲಿಷ್ ಬೈಬಲಿನ 1611ರ ಅನುವಾದದಲ್ಲಿ 'ಲೋ', 'ಬಿಹೋಲ್ಡ್' ಹೆಜ್ಜೆಗೊಂದು ಸಿಗುತ್ತವೆ. ಅದರಲ್ಲೇ ಬರುವ 'ವೆರಿಲಿ, ವೆರಿಲಿ' ಮೂಲ ಗ್ರೀಕಿನಲ್ಲಿ 'ಆಮೆನ್, ಆಮೆನ್'. ಕನ್ನಡ ಬೈಬಲಿನವರು ಅದಕ್ಕೆ 'ನಿಜನಿಜವಾಗಿ' ಅಂದರು. ಒಂದೇ ಪದವನ್ನು ಜೋಡಿಸಿ ಒತ್ತು ಕೊಡುವ ನಮ್ಮ ಅಭ್ಯಾಸ ಎಷ್ಟು ಚೆಂದ ಕೂತಿದೆ ಅಲ್ವಾ?

'ಟಟ್-ಟಟ್' ಅನ್ನು ಗಟ್ಟಿಯಾಗಿ ಓದುವುದು ಹೇಗೆ?

'ಟಟ್ ಟಟ್' ಅಂತ ಓದಬೇಡಿ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ, ಒಳಗೆಳೆದು ಬಿಡಿ. ಆ ಸದ್ದಿಗೆ ಅಕ್ಷರವಿಲ್ಲದೆ ಅವರು ಹಾಗೆ ಬರೆದರು, ಅಷ್ಟೇ. ಕನ್ನಡದಲ್ಲೂ ಅಕ್ಷರವಿಲ್ಲ, ಆದರೆ ಕ್ರಿಯಾಪದವೇ ಇದೆ: ಲೊಚಗುಟ್ಟುವುದು. ನಾನು ಅನುವಾದದಲ್ಲಿ ಪಾತ್ರದ ಬಾಯಿಗೆ ಏನೂ ಹಾಕದೆ, ಆವರಣದಲ್ಲಿ 'ಲೊಚಗುಟ್ಟಿ' ಅಂತ ಬರೆದುಬಿಡುತ್ತೇನೆ. ನಟರಿಗೆ ತಕ್ಷಣ ಗೊತ್ತಾಗುತ್ತದೆ.

'ಹೇ-ಹೋ' ಖುಷಿಯ ಕೂಗಾ?

ಈಗ ಹಾಗೆ ಅನಿಸುತ್ತದೆ. ಮೊದಲು ಅದು ನಿಟ್ಟುಸಿರು. ಶೇಕ್ಸ್‌ಪಿಯರನ ಬಿಯಾಟ್ರಿಸ್ ಮೂಲೆಯಲ್ಲಿ ಕೂತು ಗಂಡ ಬೇಕು ಅಂತ 'ಹೇ-ಹೋ' ಎಂದು ಅಳಬೇಕಷ್ಟೇ ಅಂತ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾಳೆ. ಅಲ್ಲಿ 'ಹೂಂ… ಏನ್ ಮಾಡೋದು' ಎಂಬ ದನಿ ಬೇಕು.

ಕಡಲ್ಗಳ್ಳರು ನಿಜವಾಗಿ 'ಆರ್‌ರ್‌ರ್' ಅನ್ನುತ್ತಿದ್ದರಾ?

ಆ ಕೂಗು ಹಬ್ಬಿದ್ದು 1950ರ ಟ್ರೆಷರ್ ಐಲೆಂಡ್ ಸಿನಿಮಾದಿಂದ. ನಟ ರಾಬರ್ಟ್ ನ್ಯೂಟನ್ ಇಂಗ್ಲೆಂಡಿನ ನೈಋತ್ಯ ಭಾಗದ ಆಡುಮಾತನ್ನು ಎಳೆದೆಳೆದು ಆಡಿದ. ಜಗತ್ತಿನ ಕಡಲ್ಗಳ್ಳರೆಲ್ಲಾ ಅಂದಿನಿಂದ ಅದೇ ಊರಿನವರಾದರು. 'ಅವಾಸ್ಟ್' ಮಾತ್ರ ನಿಜವಾದ ಹಡಗಿನ ಮಾತು. ಡಚ್ಚರಿಂದ ಬಂದದ್ದು, 'ನಿಲ್ಲಿಸು' ಅಂತ ಅರ್ಥ.

'ಹಲೋ' ಕೂಡಾ ಹಳೇ ಉದ್ಗಾರವೇ?

ಅದರ ಅಪ್ಪ, ತಾತ ಹಳಬರು. 'ಹಾಲಾ', 'ಹಾಲೋ', 'ಹಲ್ಲೋ' ಅಂತ ಬೇಟೆನಾಯಿಗಳನ್ನು ಹುರಿದುಂಬಿಸಲು, ದೂರದವರನ್ನು ಕೂಗಲು ಬಳಸುತ್ತಿದ್ದರು. ಟೆಲಿಫೋನ್ ಬಂದಾಗ ಮೊದಲ ಮಾತು ಏನಿರಬೇಕು ಎಂಬ ಪ್ರಶ್ನೆ ಎದ್ದಿತು. ಗ್ರಹಾಂ ಬೆಲ್‌ಗೆ ಇಷ್ಟವಾಗಿದ್ದು ನಾವಿಕರ 'ಅಹೋಯ್'. ಎಡಿಸನ್ 1877ರ ಒಂದು ಕಾಗದದಲ್ಲಿ, 'ಹಲೋ' ಅಂದರೆ 10-20 ಅಡಿ ದೂರಕ್ಕೂ ಕೇಳುತ್ತದೆ, ಕರೆಗಂಟೆಯೇ ಬೇಕಾಗಲಿಕ್ಕಿಲ್ಲ ಅಂತ ಬರೆದ. ಎಡಿಸನ್ ಗೆದ್ದ. ಬೆಲ್ ಗೆದ್ದಿದ್ದರೆ ನಮ್ಮೂರಲ್ಲೂ ಜನ ಫೋನೆತ್ತಿ 'ಅಹೋಯ್, ಯಾರು ಮಾತಾಡೋದು?' ಅನ್ನುತ್ತಿದ್ದರು.

ಕೋರ್ಟಿನಲ್ಲಿ 'ಓಯೆಜ್' ಅಂತ ಮೂರು ಸಲ ಕೂಗುವುದೇಕೆ?

ಅದು ನಾರ್ಮನ್ನರ ಫ್ರೆಂಚಿನ 'ಕೇಳಿರಿ'. ಇಂಗ್ಲೆಂಡಿನ ಡಂಗುರದವರು ಊರೂರಲ್ಲಿ ಕೂಗುತ್ತಿದ್ದದ್ದು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇವತ್ತಿಗೂ ಕಲಾಪಕ್ಕೆ ಮೊದಲು ಮೂರು ಸಲ ಕೂಗುತ್ತಾರೆ. ನಮ್ಮ ಡಂಗುರದ 'ಕೇಳ್ರಪ್ಪೋ ಕೇಳ್ರಿ' ಅಂದುಕೊಳ್ಳಿ.

ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಉದ್ಗಾರ ಇದೆಯಾ?

ಇದೆ. ಮೊಹರಂ ಮೆರವಣಿಗೆಯಲ್ಲಿ 'ಯಾ ಹಸನ್! ಯಾ ಹುಸೇನ್!' ಅಂತ ಎದೆ ಬಡಿದುಕೊಂಡು ಕೂಗುವುದನ್ನು ಬ್ರಿಟಿಷ್ ಸಿಪಾಯಿಗಳು ತಮ್ಮ ಕಿವಿಗೆ ಕೇಳಿದಂತೆ 'ಹಾಬ್ಸನ್-ಜಾಬ್ಸನ್' ಮಾಡಿದರು. 1886ರಲ್ಲಿ ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ತಮ್ಮ ಆಂಗ್ಲೋ-ಇಂಡಿಯನ್ ನಿಘಂಟಿಗೆ ಅದನ್ನೇ ಹೆಸರಾಗಿಟ್ಟರು. ಈ ಬರ್ನೆಲ್ ತುಳುನಾಡಿನ ಭೂತಗಳ ಪಾಡ್ದನಗಳನ್ನೂ ಸಂಗ್ರಹಿಸಿದವನು. ಒಂದು ಶೋಕದ ಕೂಗು ಅಪಭ್ರಂಶವಾಗಿ ನಿಘಂಟಿನ ಹಣೆಯ ಮೇಲೆ ಕೂತದ್ದು ನನಗೆ ಅಷ್ಟು ಹಿತವೆನಿಸುವುದಿಲ್ಲ. ಆದರೆ ಉದ್ಗಾರ ಭಾಷೆ ದಾಟುವಾಗ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಇನ್ನೊಂದು, 'ಅಯ್ಯೋ'. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅದನ್ನು ಸೇರಿಸಿಕೊಂಡಿತು.

ಇವನ್ನೆಲ್ಲಾ ಈಗ ಮಾತಿನಲ್ಲಿ ಬಳಸಬಹುದಾ?

ತಮಾಷೆಗೆ ಧಾರಾಳವಾಗಿ. ಇಂಟರ್‌ವ್ಯೂನಲ್ಲಿ 'ನಿಜಕ್ಕೂ' ಅನ್ನಲು 'ಫರ್ಸೂತ್' ಅಂದರೆ ಕೆಲಸ ಸಿಗಲಿಕ್ಕಿಲ್ಲ. 'ಅಲಾಸ್' ಬರವಣಿಗೆಯಲ್ಲಿ ಇನ್ನೂ ಜೀವಂತವಾಗಿದೆ, ಸ್ವಲ್ಪ ವ್ಯಂಗ್ಯದ ಜೊತೆ.

ಕೊನೆಗೆ 'ಝೌಂಡ್ಸ್'ಗೆ ಕನ್ನಡದಲ್ಲಿ ಏನು ಹಾಕಿದಿರಿ?

ಮೊದಲು 'ಶಿವನಾಣೆ' ಹಾಕಿದೆ. ತೀರಾ ಭಕ್ತಿಯಾಯಿತು. 'ಹಾಳಾದ್ದು' ಹಾಕಿದೆ. ಅಡುಗೆಮನೆಯ ಮಾತಾಯಿತು. ತಾಲೀಮಿನಲ್ಲಿ ಒಂದು ದಿನ ನಟನೊಬ್ಬ ಸಾಲು ಮರೆತು, ಕೈಗೆ ಸಿಕ್ಕ 'ಥತ್ತೇರಿಕೆ!' ಅಂದುಬಿಟ್ಟ. ಅದು ಹಿಂದಿಯ 'ಧತ್ ತೇರೇ ಕೀ'. 'ಥತ್, ನಿನ್ನ…' ಅಂತ ಶುರುವಾಗಿ ಮುಂದಿನದನ್ನು ನುಂಗಿಕೊಂಡ ಬೈಗುಳ. ನುಂಗಿದ್ದು ಏನು ಅಂತ ಹೇಳುವವನಿಗೂ ನೆನಪಿಲ್ಲ, ಕೇಳುವವನಿಗೂ ಬೇಕಿಲ್ಲ. ಪೆನ್ಸಿಲ್ ತೆಗೆದು ನನ್ನ ಪ್ರತಿಯಲ್ಲಿ ಹಾಗೇ ತಿದ್ದಿಕೊಂಡೆ.